ಅಕ್ಕನ ಎದೆಯೊಳಗಿನ ಗಡಿಯಾರ

ನನ್ನ ಅಕ್ಕನಿಗೆ ಪೇಸ್‌ಮೇಕರ್ ಕೂಡಿಸಿದ್ದು ಯುಗಾದಿಗೆ ಮುಂಚೆಯೋ ಅನಂತರವೋ ಎಂಬುದರ ಬಗ್ಗೆ ನಮ್ಮ ಮನೆತನದಲ್ಲಿ ಎರಡು ಅಭಿಪ್ರಾಯಗಳಿವೆ. ಯುಗಾದಿಯ ಮರುದಿನ ಎಂದು ಅವಳ ಮಗನ ವಾದ. ಆ ವರ್ಷದ ಬೇವುಬೆಲ್ಲವನ್ನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆಯೇ ತಿಂದೆನೆಂದು ಅಕ್ಕ ಹೇಳುತ್ತಾಳೆ. ಆಸ್ಪತ್ರೆಯವರು ಬಿಡುಗಡೆಯ ಹೊತ್ತಿಗೆ ಕೊಟ್ಟ ಕಾಗದವನ್ನು ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದ್ದೇನೆ; ಅಕ್ಕನ ಮಾತೇ ಸರಿ. ಇದನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಆ ವರ್ಷದ ಮಳೆಗಾಲ ಪೂರ್ತಿ, ಅವಳು ಯಾವ ಹೊತ್ತಿನಲ್ಲಿ ಏನು ಮಾಡಿದಳು ಎಂಬ ವಿಷಯದಲ್ಲಿ ಅವಳ ಮಾತಿಗೆ ಆ ಮನೆಯಲ್ಲಿ ಬೆಲೆ ಇರಲಿಲ್ಲ. ಬೆಲೆ ಇದ್ದದ್ದು ಅವಳ ಎದೆಯಲ್ಲಿದ್ದ ಯಂತ್ರದ ಮಾತಿಗೆ.

ನಾವಿಬ್ಬರೂ ಬೀಳಗಿಯಲ್ಲಿ ಹುಟ್ಟಿದವರು. ಅಕ್ಕನನ್ನು ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟರು. ನಾನು ಶಾಸನಗಳ ಕಾಲನಿರ್ಣಯದ ಕೆಲಸದಲ್ಲಿ ತೇರದಾಳ, ಲೋಕಾಪುರ, ಮುಧೋಳದ ಸುತ್ತಿನ ಕಲ್ಲುಗಳ ಮುಂದೆ ಆಯುಷ್ಯ ಕಳೆದು, ನಿವೃತ್ತನಾಗಿ ಜಮಖಂಡಿಯಲ್ಲಿ ನಿಂತೆ. ಕಲ್ಲಿನ ಮೇಲೆ ತಿಥಿಯನ್ನೂ ವಾರವನ್ನೂ ಕೊಟ್ಟಿರುತ್ತಾರೆ; ಎರಡೂ ಹೊಂದಿದರೆ ಕಾಲವನ್ನು ನಂಬಬಹುದು, ಹೊಂದದಿದ್ದರೆ ಬರೆದವನೋ ಕೆತ್ತಿದವನೋ ಎಡವಿದ್ದಾನೆ. ನನ್ನ ವಿದ್ಯೆ ಅಷ್ಟೇ. ಅದು ಒಬ್ಬ ಜೀವಂತ ವ್ಯಕ್ತಿಯ ಮೇಲೆ ಪ್ರಯೋಗವಾಗುತ್ತದೆಂದು ನಾನು ಎಣಿಸಿರಲಿಲ್ಲ.

ಭಾವ ತೀರಿಕೊಂಡದ್ದು ಪವರ್‌ಲೂಮ್ ಶೆಡ್ಡಿನಲ್ಲಿ, ಓಡುತ್ತಿದ್ದ ಮಗ್ಗಗಳ ನಡುವೆ ಕುಸಿದು. ಆ ಗದ್ದಲದಲ್ಲಿ ಅವರು ಬಿದ್ದದ್ದು ಯಾರಿಗೂ ಕೇಳಿಸಿರಲಿಲ್ಲ. ಮೊದಲು ಕಂಡವನು ಅವರ ಮಗ, ನನ್ನ ಸೋದರಳಿಯ. ಹಾಗಾಗಿ ಅದೇ ಶೆಡ್ಡಿನಲ್ಲಿ ಅಕ್ಕ ಕಣ್ಣು ಕತ್ತಲೆಗಟ್ಟಿ ಕೂತುಬಿಟ್ಟ ದಿನ ಅವನು ಹೇಗೆ ನಡುಗಿದನೆಂಬುದನ್ನು ಕಂಡವರು ಮುಂದೆ ಅವನು ಮಾಡಿದ್ದನ್ನೆಲ್ಲ ಕ್ಷಮಿಸಿಯಾರು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಅವಳ ಎಡಗಡೆಯ ಭುಜದ ಎಲುಬಿನ ಕೆಳಗೆ, ಚರ್ಮದಡಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಯಂತ್ರವೊಂದನ್ನು ಇಟ್ಟು ಹೊಲಿದರು. ಕೆಲವು ವಾರ ಎಡಗೈ ಎತ್ತಬಾರದು, ದೊಡ್ಡ ಮೋಟಾರುಗಳಿಂದ ದೂರವಿರಬೇಕು ಎಂದರು. ಅಳಿಯ ಆ ಕೆಲವು ವಾರಗಳನ್ನು ಕಾಯಂ ಮಾಡಿದ.

“ಅವ್ವಾ, ಇನ್ನ ಮಗ್ಗದ ಹೆಸರ ಎತ್ತಬ್ಯಾಡ. ಉಣ್ಣು, ಮಲಗು, ಟೀವಿ ನೋಡು.”

“ಮತ್ತ ಕೈ?”

“ಕೈಗೇನಾಗೈತಿ?”

“ಏನೂ ಆಗಿಲ್ಲೋ. ಅದಕ್ಕ ಕೇಳಾಕತ್ತೇನಿ.”

ಯಂತ್ರದ ಜೊತೆಗೆ ಒಂದು ಡಬ್ಬಿಯನ್ನೂ ಕೊಟ್ಟಿದ್ದರು. ಅಕ್ಕನ ಮಂಚದ ಪಕ್ಕದ ಗೋಡೆಗೂಡಿನಲ್ಲಿ ಮೊದಲು ಪಣತಿ ಇರುತ್ತಿತ್ತು. ಪಣತಿಯನ್ನು ತೆಗೆದು ಅಲ್ಲಿ ಡಬ್ಬಿಯನ್ನಿಟ್ಟರು. ಅವಳು ಮಲಗಿದ ಮೇಲೆ ಅದು ತಾನಾಗಿ ಎದೆಯ ಯಂತ್ರದೊಡನೆ ಸಂಪರ್ಕ ಬೆಳೆಸಿ, ಹಗಲೆಲ್ಲ ದಾಖಲಾದದ್ದನ್ನು ತೆಗೆದುಕೊಂಡು ಎಲ್ಲಿಗೋ ಕಳಿಸುತ್ತಿತ್ತು. ಅಲ್ಲಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ವಾರಕ್ಕೊಮ್ಮೆ ಒಂದು ವರದಿಯ ರೂಪದಲ್ಲಿ ಅಳಿಯನ ಮೊಬೈಲಿಗೆ. ನೋಂದಣಿ ಅವನ ಹೆಸರಿನಲ್ಲಿತ್ತು; ಅಕ್ಕನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಮೊಬೈಲು. ಡಬ್ಬಿಯ ಮೂತಿಯಲ್ಲಿ ಒಂದು ಹಸಿರು ದೀಪ ಇರುತ್ತಿತ್ತು. ಎರಡನೆಯ ದಿನವೇ ಅಕ್ಕ ಅದರ ಮೇಲೆ ಹಳೆಯ ಸೀರೆಯ ತುಂಡೊಂದನ್ನು ಹೊದಿಸಿದಳು.

“ಬಟ್ಟಿ ಹೊಚ್ಚಿದ್ರ ಅದಕ್ಕ ಕೇಳಸೂದಿಲ್ಲ ಅಂತ ತಿಳದೀಯೇನ್?” ಎಂದೆ.

“ಅದಕ್ಕ ಕೇಳಸಲಿ ಬಿಡು ತಮ್ಮಾ. ನನಗ ಅದು ಕಾಣಬಾರ್ದು.”

ನಮ್ಮ ಕಡೆ ಕಾಯಿಲೆಯವರನ್ನು ಮಾತಾಡಿಸಲು ಬಂದವರು ಬಾಳೆಹಣ್ಣು ಬಿಸ್ಕೀಟು ಕೊಟ್ಟು, ಚಹಾ ಕುಡಿದು, ಅನಂತರ ವೈದ್ಯರ ಕಾಗದಗಳನ್ನು ಕೇಳಿ ನೋಡುತ್ತಾರೆ. ನೋಡದೆ ಹೋದರೆ ಕಾಳಜಿ ಇಲ್ಲವೆಂದು ಅರ್ಥ. ತೋರಿಸದಿದ್ದರೆ ಮನೆಯವರು ಏನೋ ಮುಚ್ಚುತ್ತಿದ್ದಾರೆಂದು ಅರ್ಥ. ಓದು ಬಾರದವರೂ ಎಕ್ಸ್‌ರೇಯನ್ನು ಬಾಗಿಲ ಬೆಳಕಿಗೆ ಹಿಡಿದು ಹೂಂಗುಟ್ಟುತ್ತಾರೆ. ಅಕ್ಕನ ಕಾಗದಗಳ ಪ್ಲಾಸ್ಟಿಕ್ ಚೀಲ ಪಡಸಾಲೆಯ ಮೊಳೆಗೆ ತೂಗುತ್ತಿತ್ತು. ಯಂತ್ರದ ನಂಬರು ಬರೆದ ಕಾರ್ಡನ್ನು ಬಂದವರು ಒಬ್ಬರಿಂದೊಬ್ಬರಿಗೆ ದಾಟಿಸಿದರು; ಕೆಲವರು ‘ನಮ್ಮ ಬೀಗರಿಗೂ ಬೇಕಾದೀತು’ ಎಂದು ಫೋಟೊ ಹಿಡಿದುಕೊಂಡರು. ಅಳಿಯ ಮೊಬೈಲು ತೆಗೆದು, “ಅವ್ವನ ಎದಿ ಇಲ್ಲೇ ನನ್ನ ಕಿಸೇದಾಗ ಐತಿ ನೋಡ್ರಿ” ಎಂದು ವರದಿ ತೋರಿಸುತ್ತಿದ್ದ. ದೂರದ ನೆಂಟರಿಗೆ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಅದನ್ನೇ ಹಾಕುತ್ತಿದ್ದ. ಅದರಲ್ಲಿ ಅವನಿಗೆ ಹೆಮ್ಮೆಯಿತ್ತು. ತಂದೆಯ ವಿಷಯದಲ್ಲಿ ಕೇಳಿಸದೆ ಹೋದದ್ದು ಈಗ ಊರಿಗೆಲ್ಲ ಕೇಳಿಸುವಂತೆ ಮಾಡಿದ್ದೇನೆಂಬ ಸಮಾಧಾನವಿತ್ತು. ಅಕ್ಕ ಒಳಬಾಗಿಲಲ್ಲಿ ನಿಂತು, ತನ್ನ ಎದೆ ಕೈಯಿಂದ ಕೈಗೆ ಹೋಗುವುದನ್ನು ನೋಡುತ್ತಿದ್ದಳು.

ಮೊದಲ ತಪಾಸಣೆ ಜ್ಯೇಷ್ಠಮಾಸದ ಒಂದು ಸೋಮವಾರ. ಸೋಮವಾರವೆಂಬುದರಲ್ಲಿ ಸಂಶಯವಿಲ್ಲ, ಏಕೆಂದರೆ ಹೃದಯತಜ್ಞರು ಜಮಖಂಡಿಯ ಆ ಖಾಸಗಿ ದವಾಖಾನೆಗೆ ಸೋಮವಾರ ಮಾತ್ರ ಬರುತ್ತಿದ್ದರು; ಭಾನುವಾರ ಅದು ಬೀಗ ಹಾಕಿರುತ್ತದೆ. ಬೆಳಗಿನ ಮೊದಲ ಸರದಿ ನಮ್ಮದಾಗಿತ್ತು. ಅಳಿಯನಿಗೆ ನೂಲಿನ ವ್ಯವಹಾರವಿದ್ದುದರಿಂದ ಅಕ್ಕನ ಜೊತೆ ನಾನೇ ಹೋಗಿದ್ದೆ.

ವೈದ್ಯರ ಪಕ್ಕದಲ್ಲಿ ಯಂತ್ರಗಳ ತಂತ್ರಜ್ಞನೊಬ್ಬ ಕೂತಿದ್ದ. ಹೊಸದಾಗಿ ತಂದದ್ದೆಂದು ಹೇಳಿ, ಸೂಟ್‌ಕೇಸಿನಂಥ ಒಂದು ಉಪಕರಣವನ್ನು ತೆರೆದ. ಅದರ ವಯರಿನ ತುದಿಯ ಬಿಲ್ಲೆಯನ್ನು ಅಕ್ಕನ ಸೀರೆಯ ಮೇಲಿಂದಲೇ ಭುಜದ ಕೆಳಗೆ ಇಟ್ಟ. ಪರದೆಯ ಮೇಲೆ ಗೆರೆಗಳು ಓಡತೊಡಗಿದವು.

“ಅವ್ವಾರ, ಈಗ ಸ್ವಲ್ಪ ವೇಗ ಹೆಚ್ಚು ಮಾಡತೇನ್ರಿ. ಹೆದರಬ್ಯಾಡ್ರಿ.”

ಅವನ ಬೆರಳು ಪರದೆಗೆ ತಾಗಿತು. ಅಕ್ಕ ಕೂತಲ್ಲೇ ಕೂತಿದ್ದಳು. ಆದರೆ ಮೆಟ್ಟಿಲು ಹತ್ತಿ ಬಂದವಳಂತೆ ಉಸಿರೆಳೆದಳು. ಅವಳ ಕಣ್ಣು ಮೊದಲು ಬಾಗಿಲಿಗೆ, ಆಮೇಲೆ ನನ್ನ ಕಡೆಗೆ, ಆಮೇಲೆ ಆ ಬೆರಳಿಗೆ ಹೋಯಿತು. ಬೆರಳು ಹಿಂದೆ ಸರಿದಾಗ ಎದೆಯೂ ಇಳಿಯಿತು.

“ನನ್ನ ಗಂಡ ಇದ್ದಾಗೂ ಇದು ಇಷ್ಟ ಜೋರ ಬಡಕೊಂಡಿದ್ದಿಲ್ಲ ನೋಡಪಾ,” ಎಂದಳು. ವೈದ್ಯರು ನಕ್ಕರು, ತಂತ್ರಜ್ಞನೂ ನಕ್ಕ. ಅವಳು ನಗಲಿಲ್ಲ.

ನಾನು ಕೇಳಿದೆ: “ಹೀಗೆ ಬದಲಾಯಿಸುವ ಮುಂಚೆ ಅದು ಅವಳನ್ನೇನೂ ಕೇಳುವುದಿಲ್ಲವೆ? ಒಂದು ಗುರುತಿನ ಸಂಖ್ಯೆ, ಒಂದು ಒಪ್ಪಿಗೆ?”

“ಬ್ಯಾಂಕಿನ ಹಂಗ ಓಟಿಪಿ ಅಂತೀರೇನ್ ಸರ್? ಪೇಷಂಟ್ ಎಚ್ಚರದಪ್ಪಿ ಬಿದ್ದಾಗ ಅವ್ರ ನಂಬರ್ ಯಾರ ಹೇಳಬೇಕ್ರಿ? ಲಾಕ್ ಬಿಗಿ ಆದ್ರ ಜೀವಕ್ಕ ಕಷ್ಟ.”

“ಸಡಿಲವಾದರೆ?”

“ಇಲ್ಲೀತನಕ ನಮ್ಮ ಕಡೆ ಅಂಥಾದ್ದೇನೂ ಆಗಿಲ್ಲ ಸರ್.”

ಉತ್ತರದಲ್ಲಿ ಪ್ರಾಮಾಣಿಕತೆ ಇತ್ತು, ಧೈರ್ಯ ಇರಲಿಲ್ಲ. ವೈದ್ಯರು ಎಡಗೈಯನ್ನು ಇನ್ನು ಧಾರಾಳವಾಗಿ ಆಡಿಸಬಹುದು, ನಡೆಯಬೇಕು ಎಂದರು. ನಡೆದಾಗ ದೇಹದ ಅಲುಗಾಟವನ್ನು ಯಂತ್ರ ಗ್ರಹಿಸಿ ಎದೆಯ ವೇಗವನ್ನು ತಕ್ಕಷ್ಟು ಏರಿಸುತ್ತದೆಂದೂ ವಿವರಿಸಿದರು. ಹೊರಗೆ ಬಂದು ಬಸ್ ನಿಲ್ದಾಣದ ಕಡೆಗೆ ಹೆಜ್ಜೆ ಹಾಕುವಾಗ ಅಕ್ಕ ಮೆಲ್ಲಗೆ ಹೇಳಿದಳು:

“ತಮ್ಮಾ, ಅವನ ಬೆರಳ ಅಲ್ಲಿ, ನನ್ನ ಎದಿ ಇಲ್ಲಿ. ಯಾರೋ ಬಾಗಲಾ ಬಡೀಲಾರದ ಒಳಗ ಬಂದು ಹೋದಂಗಾತು.”

ಆಷಾಢ ಬಂತು. ಒಂದು ದಿನ ಜಮಖಂಡಿಯ ಬಸ್ ನಿಲ್ದಾಣದಲ್ಲಿ ಸೀರೆ ವ್ಯಾಪಾರಿಯೊಬ್ಬರು ನನ್ನ ಪಕ್ಕದಲ್ಲಿ ಕೂತರು. ಬನಹಟ್ಟಿಯಲ್ಲಿ ಒಂದೆರಡು ಸಲ ಮುಖ ನೋಡಿದ್ದಷ್ಟೇ ಪರಿಚಯ.

“ಅಕ್ಕಾರು ನಸಕಿನ್ಯಾಗ ಎದ್ದು ಅಡ್ಡಾಡತಾರಂತಲ್ರಿ? ಜ್ವಾಕೀರಿ. ಹೆಣ್ಣಮಕ್ಕಳು ಆ ಹೊತ್ತಿನ್ಯಾಗ ಹೊರಗ ಬೀಳಬಾರ್ದು.”

“ನಿಮಗ್ಯಾರು ಹೇಳಿದರು?”

“ಯಾರ ಹೇಳೂದೇನ್ ಬಂತ್ರಿ, ವಾಟ್ಸಾಪಿನ್ಯಾಗ ಬಂದೈತಲ್ಲ. ಮಷೀನಽ ಹೇಳೈತಂತ.”

ನನಗೆ ತಿಳಿಯದ ನನ್ನ ಅಕ್ಕನ ಸುದ್ದಿ ನನಗಿಂತ ಮೊದಲು ಬಸ್ಸು ಹತ್ತಿತ್ತು. ಅಂದೇ ಬನಹಟ್ಟಿಗೆ ಹೋದೆ.

ಅಕ್ಕನ ಕೋಣೆಯ ಬಾಗಿಲಿಗೆ ಎತ್ತಿನ ಕೊರಳ ಗಂಟೆಯೊಂದನ್ನು ಕಟ್ಟಿದ್ದರು. ಅವಳ ಬಲತೋಳಿನಲ್ಲಿ ಕರಿದಾರವಿತ್ತು. ಗಾಳಿ ಸೋಕಿದೆಯೆಂದು ಓಣಿಯ ಹಿರಿಯರೊಬ್ಬರು ಕಟ್ಟಿಸಿದ್ದರಂತೆ. ಅಳಿಯ ನನ್ನನ್ನು ಪಡಸಾಲೆಯಲ್ಲಿ ಕೂಡಿಸಿ ಮೊಬೈಲು ತೆಗೆದ. ಎದೆಯ ವೇಗ ಗೊತ್ತುಮಾಡಿದ ಮಿತಿಯನ್ನು ಮೀರಿದ ಹೊತ್ತುಗಳನ್ನು ವರದಿಯಲ್ಲಿ ಗುರುತಿಸಿದ್ದರು. ಹೆಚ್ಚುಕಡಿಮೆ ದಿನಾಲೂ, ನಸುಕಿನ ಮೂರೂವರೆಯ ಸುಮಾರಿಗೆ ಆರಂಭವಾಗಿ ಬೆಳಕು ಹರಿಯುವ ತನಕ. ‘ನಡಿಗೆ’ ಎಂದು ಯಂತ್ರವೇ ಅದಕ್ಕೊಂದು ಹೆಸರನ್ನೂ ಕೊಟ್ಟಿತ್ತು.

“ನೀನು ಹೊರಗೆ ಮಲಗುತ್ತೀ. ಒಂದು ದಿನವಾದರೂ ಅವಳನ್ನು ಕಂಡೆಯಾ?”

“ಇಲ್ರಿ ಮಾಮಾ.”

“ಗಂಟೆ ಬಾರಿಸಿತೆ?”

“ಬಾರಿಸಿಲ್ಲ. ಗಂಟಿ ಕೈಯಾಗ ಹಿಡಕೊಂಡು ದಾಟತಾಳ ಅನಸತೈತ್ರಿ.”

“ಅವಳನ್ನೇ ಕೇಳಿದೆಯಾ?”

“ಕೇಳೇನಿ. ‘ನಾ ಮಲಗಿರತೇನೋ’ ಅಂತಾಳ. ಮಷೀನ್ ಸುಳ್ಳ ಹೇಳತೈತೇನ್ರಿ? ಅದಕ್ಕೇನ್ ಸುಳ್ಳ ಹೇಳೂ ಗರಜ?” ಅವನ ದನಿ ಕುಗ್ಗಿತು. “ಅಪ್ಪಾ ಬಿದ್ದಾಗ ನಾ ಹತ್ತ ಮಾರು ದೂರದಾಗ ಇದ್ದೆ ಮಾಮಾ. ಇನ್ನೊಮ್ಮೆ ಹಂಗ ಆಗೂದು ಬ್ಯಾಡ. ದವಾಖಾನಿಗೆ ಫೋನ್ ಮಾಡೇನಿ. ಶ್ರಾವಣದ ಮೊದಲ ಸೋಮವಾರ ಬರ್ರಿ ಅಂದಾರ. ಆ ವೇಗ ಏರಸೂದನ್ನ ಬಂದ್ ಮಾಡ್ರಿ ಅಂತೇನಿ. ಎದಿ ಏರಲಿಲ್ಲ ಅಂದ್ರ ಕಾಲು ಏಳೂದಿಲ್ಲ. ಸುಮ್ಮ ಮನ್ಯಾಗ ಇರತಾಳ.”

ಅವನು ಕ್ರೂರಿಯಲ್ಲ. ಮಳೆ ಬಂದರೆ ಕಿಟಕಿ ಮುಚ್ಚುತ್ತೇನೆ ಎನ್ನುವಷ್ಟು ಸಹಜವಾಗಿ ತಾಯಿಯ ಎದೆಯ ವೇಗಕ್ಕೆ ಬೀಗ ಹಾಕಿಸುವ ಮಾತಾಡಿದ. ಬೆರಳಿನ ಒಂದು ತಾಕಿಗೆ ಅವಳು ಏದುಸಿರು ಬಿಟ್ಟದ್ದನ್ನು ನಾನು ಕಂಡಿದ್ದೆ. ಇನ್ನೊಂದು ತಾಕಿಗೆ ಅವಳು ಮೆಟ್ಟಿಲು ಹತ್ತಲಾರದವಳಾಗಬಹುದು. ವರದಿಗಳನ್ನೆಲ್ಲ ನನ್ನ ಮೊಬೈಲಿಗೂ ಕಳಿಸಲು ಹೇಳಿ, ಜಮಖಂಡಿಗೆ ಮರಳಿದೆ.

ಮನೆಯಲ್ಲಿ ವರದಿಗಳನ್ನು ಹಿಂದಿನಿಂದ ಮುಂದಕ್ಕೆ ಓದಿದೆ. ಜ್ಯೇಷ್ಠದ ಆ ತಪಾಸಣೆಗೆ ಮುಂಚೆ ನಸುಕಿನ ನಡಿಗೆಯ ಒಂದು ಗುರುತೂ ಇರಲಿಲ್ಲ. ಅನಂತರ ಸಾಲು ಸಾಲು. ಕೊನೆಗೆ ತಪಾಸಣೆಯ ದಿನದ ದಾಖಲೆಗೇ ಬಂದೆ. ಅಲ್ಲಿ ವಾರವನ್ನು ಬರೆದಿತ್ತು: ಭಾನುವಾರ. ಹೊತ್ತು: ರಾತ್ರಿ, ಮಲಗುವ ಸಮಯ.

ಆ ದಾಖಲೆಯನ್ನು ಹಲವು ಸಲ ನೋಡಿದೆ. ಆ ಬೆಳಿಗ್ಗೆ ಅಕ್ಕನ ಪಕ್ಕದ ಕುರ್ಚಿಯಲ್ಲಿ ನಾನೇ ಕೂತಿದ್ದೆ. ದವಾಖಾನೆಯ ಅಂಗಳದ ನೀರು ಇನ್ನೂ ಆರಿರಲಿಲ್ಲ. ಯಂತ್ರದ ಪ್ರಕಾರ ಆಗ ಹಿಂದಿನ ದಿನದ ರಾತ್ರಿ. ವಾರ ತಪ್ಪಿದ ಶಾಸನವನ್ನು ಕಂಡಾಗ ಮೊದಲು ಕೇಳಬೇಕಾದದ್ದು, ಬರೆದವನು ಯಾವ ಊರಿನ ಸೂರ್ಯೋದಯವನ್ನು ಹಿಡಿದು ಎಣಿಸಿದ ಎಂಬುದು. ಹೊಸ ಉಪಕರಣದಲ್ಲಿ ಸಮುದ್ರದಾಚೆಯ ದೇಶದ ಸಮಯ ಇದ್ದಿರಬೇಕು. ತಪಾಸಣೆಯ ಹೊತ್ತಿಗೆ ಅದೇ ಸಮಯ ಅಕ್ಕನ ಎದೆಗೂ ಇಳಿದಿತ್ತು. ಅವಳು ಬನಹಟ್ಟಿಯ ಹಗಲಿನಲ್ಲಿ ಬದುಕುತ್ತಿದ್ದಳು, ಅವಳ ಎದೆ ಬೇರೆಲ್ಲಿಯದೋ ಇರುಳನ್ನು ಎಣಿಸುತ್ತಿತ್ತು. ಅಂತರ ಸುಮಾರು ಹತ್ತೂವರೆ ತಾಸು. ಅದನ್ನು ಕೂಡಿಸಿದರೆ ನಸುಕಿನ ನಡಿಗೆಗಳೆಲ್ಲ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಬಂದು ಕೂಡುತ್ತಿದ್ದವು.

ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಅಕ್ಕ ಮಲಗುವ ಹೊತ್ತು. ಅಳಿಯ ನೂಲಿನ ಅಂಗಡಿಯಲ್ಲಿರುತ್ತಾನೆ, ಅವನ ಹೆಂಡತಿ ಶೆಡ್ಡಿನಲ್ಲಿ. ನಾನು ಒಂದು ಸುಳ್ಳನ್ನು ಅಳಿಸಿದಲ್ಲಿ ಇನ್ನೊಂದು ಸತ್ಯ ಹೊರಬಿದ್ದಿತ್ತು, ಅದು ಅಕ್ಕನ ಗುಟ್ಟು.

ಮರುದಿನ ಊಟದ ಹೊತ್ತು ಮೀರಿದ ಮೇಲೆ, ಯಾರಿಗೂ ತಿಳಿಸದೆ ಆ ಮನೆಗೆ ಹೋದೆ. ಮಂಚ ಖಾಲಿಯಿತ್ತು. ಗೂಡಿನಲ್ಲಿ ಡಬ್ಬಿ ತನ್ನ ಸೀರೆಯ ತುಂಡನ್ನು ಹೊದ್ದು ಕೂತಿತ್ತು. ಹಿತ್ತಿಲ ಬಾಗಿಲು ತೆರೆದಿತ್ತು. ಹಿಂದಿನ ಓಣಿಗೆ ಇಳಿದರೆ ಪವರ್‌ಲೂಮುಗಳ ಗದ್ದಲದ ಅಡಿಯಲ್ಲಿ ಇನ್ನೊಂದು ಸಪ್ಪಳ ಕೇಳಿಸಿತು: ಕಟ್ಟಿಗೆಯದು, ನಿಧಾನದ್ದು, ಒಂದೇ ಲಯದ್ದು. ಅದು ಅಕ್ಕನ ಗೆಳತಿಯ ಮನೆ. ಆ ವಿಧವೆಯ ಮನೆಯಲ್ಲಿ ಒಂದು ಕುಣಿಮಗ್ಗ ಉಳಿದಿತ್ತು. ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು, ಬಲಗೈಯಿಂದ ಹಗ್ಗ ಎಳೆದು ಲಾಳಿ ಹಾರಿಸಿ, ಎಡಗೈಯಿಂದ ಹಣಿಗೆಯನ್ನು ಬಡಿದು ಎಳೆ ಬಿಗಿಮಾಡಿ ನೇಯುವ ಹಳೆಯ ಮಗ್ಗ.

ಅಕ್ಕ ಕುಣಿಯಲ್ಲಿ ಕೂತಿದ್ದಳು. ಕಾಲು ಒತ್ತಿದಂತೆ ಎಳೆಗಳು ಬಾಯಿ ತೆರೆದವು, ಲಾಳಿ ದಾಟಿತು, ಎಡಗೈ ಹಣಿಗೆಯನ್ನು ಎದೆಯ ಕಡೆಗೆ ಸೆಳೆಯಿತು. ಮತ್ತೆ, ಮತ್ತೆ. ಪ್ರತಿ ಪೆಟ್ಟಿಗೂ ಭುಜದ ಕೆಳಗಿನ ಆ ಉಬ್ಬು ಅಲುಗುತ್ತಿತ್ತು. ಹೀಗೆ ಅಲುಗುವುದಕ್ಕೆ ಯಂತ್ರದ ಭಾಷೆಯಲ್ಲಿ ಇದ್ದ ಹೆಸರು ಒಂದೇ: ನಡಿಗೆ. ನೇಯ್ಗೆಯನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಗೆಳತಿ ನನ್ನನ್ನು ಮೊದಲು ಕಂಡಳು. “ಏಳ ಬೇ, ನಿನ್ನ ತಮ್ಮ ಹಿಡದ ನೋಡು!”

ಅಕ್ಕ ಏಳಲಿಲ್ಲ. ಆ ಎಳೆಯನ್ನು ಮುಗಿಸಿ, ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡಳು.

“ನಿನಗ್ಯಾರ ಹೇಳಿದ್ರು?”

“ನಿನ್ನ ಎದೆ ಹೇಳಿತು.” ಗಡಿಯಾರದ ವಿಷಯವನ್ನೂ ಎದೆಯ ವೇಗ ಏರದಂತೆ ಮಾಡಿಸುವ ಅಳಿಯನ ಯೋಚನೆಯನ್ನೂ ತಿಳಿಸಿದೆ. ಅವಳು ಪೂರ್ತಿ ಕೇಳಿದಳು.

“ಅಂದ್ರ ನನ್ನ ಉಳಸಬೇಕಂದ್ರ ನನ್ನ ಹಿಡಕೊಡಬೇಕು.”

“ಮಗನಿಗೆ ನೀನೇ ಹೇಳು. ಇಲ್ಲಿ ಮೋಟಾರು ಇಲ್ಲ, ವೈದ್ಯರು ಕೈ ಆಡಿಸು ಎಂದಿದ್ದಾರೆ. ತಪ್ಪೇನು?”

ಉತ್ತರ ಕೊಟ್ಟವಳು ಗೆಳತಿ: “ಮನ್ಯಾಗ ಪವರ್‌ಲೂಮ್ ಇಟ್ಟಾಂವ ತಾಯೀನ ಮಂದಿ ಮನಿ ಕುಣಿಗೆ ಇಳಿಸ್ಯಾನಂತ ಊರು ಅವನ ಮಾರೀ ಮ್ಯಾಲ ಉಗೀತೈತ್ರಿ. ಅವ ಆ ಮಾತ ತಡಕೊಳ್ಳಾಂವ ಅಲ್ಲ.”

“ಉಗುಳೂದಿರಲಿ,” ಎಂದಳು ಅಕ್ಕ. “ಖರೆ ಹೇಳಿದ್ರ ಅವ ಅಳತಾನ. ಅತ್ತು, ಇನ್ನ ಮಗ್ಗ ಮುಟ್ಟೂದಿಲ್ಲಂತ ಆಣಿ ಮಾಡಸ್ತಾನ. ಆಮ್ಯಾಲ ನಾ ಇಲ್ಲಿಗಿ ಬರಾಕ ಆಗೂದಿಲ್ಲ. ಈ ಎರಡ ತಾಸಿನ್ಯಾಗ ನನಗ ಮಷೀನ್ ಮರೀತೈತಿ ತಮ್ಮಾ. ಅದು ಬಿಟ್ರ ಉಳದ ಹೊತ್ತೆಲ್ಲಾ ನಾನು ಅದರ ಪೆಟಗಿ.” ಮಗ್ಗದ ಮೇಲಿನ ಬಟ್ಟೆಯನ್ನು ಅಂಗೈಯಿಂದ ಸವರಿದಳು. ಹುಳುಕಿಲ್ಲದ, ಸಮವಾದ ನೇಯ್ಗೆ. “ನೀ ಸುಳ್ಳ ಹೇಳಬ್ಯಾಡ. ಕೇಳಿದಷ್ಟಽ ಹೇಳು.”

ಶ್ರಾವಣದ ಮೊದಲ ಸೋಮವಾರ ನಾವು ಮೂವರೂ ದವಾಖಾನೆಯಲ್ಲಿದ್ದೆವು. ತಂತ್ರಜ್ಞ ಬಿಲ್ಲೆಯನ್ನು ಅಕ್ಕನ ಭುಜಕ್ಕೆ ಇಟ್ಟಾಗ, ಬೆರಳು ಪರದೆಗೆ ಹೋಗುವ ಮೊದಲು, ನಾನು ಭಾನುವಾರದ ದಾಖಲೆಯನ್ನು ಮುಂದಿಟ್ಟೆ. ವೈದ್ಯರು ನೋಡಿದರು, ತಂತ್ರಜ್ಞ ನೋಡಿದ. ಉಪಕರಣದ ಮೂಲೆಯಲ್ಲಿ ಆಗಲೂ ಹಿಂದಿನ ರಾತ್ರಿಯ ಹೊತ್ತು ಮಿಣುಕುತ್ತಿತ್ತು.

“ತಪ್ಪಾಗೈತ್ರಿ,” ಎಂದು ಒಪ್ಪಿಕೊಂಡು, ನಿಂತಲ್ಲೇ ಸರಿಪಡಿಸಿದ. ಅಕ್ಕನ ಎದೆಯಲ್ಲಿ ಹೊತ್ತು ಬದಲಾಯಿತು. ಅವಳಿಗೆ ಏನೂ ತಿಳಿಯಲಿಲ್ಲ. ವೇಗವನ್ನು ಇಳಿಸುವ ಅಗತ್ಯವಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು.

ಅಳಿಯನ ಮುಖ ಅರಳಿತು. “ಅಂದ್ರ ಅವ್ವ ರಾತ್ರಿ ಎದ್ದಿಲ್ಲ!” ಎಂದು ತಾಯಿಯ ಕೈ ಹಿಡಿದ. ಮರುಕ್ಷಣವೇ, ನೂಲಿನ ಲೆಕ್ಕ ಹಾಕಿ ಪಳಗಿದ ಅವನ ತಲೆ ಮುಂದಿನ ಹೆಜ್ಜೆಯಿಟ್ಟಿತು. “ಹಂಗಾದ್ರ ಅದು ಮಧ್ಯಾನದ್ದು. ಅವ್ವಾ, ಮಧ್ಯಾನ ನೀ ಮಲಗೂದಿಲ್ಲೇನ್?”

“ಒಳಗೊಳಗ ಅಡ್ಡಾಡತೇನಿ. ಡಾಕ್ಟರ್ ನಡೀ ಅಂದಾರಲ್ಲ.”

“ಎರಡೆರಡು ತಾಸು?”

ಅಕ್ಕ ತಂತ್ರಜ್ಞನ ಕಡೆ ತಿರುಗಿದಳು. “ಅಪ್ಪಾ, ಇದು ಬರಕೊಂಡಿದ್ದು ನಿಮ್ಮ ದವಾಖಾನಿಗಷ್ಟಽ ಹೋಗುವಂಗ ಮಾಡಾಕ ಬರತೈತೇನು? ಬ್ಯಾರೆ ಯಾರಿಗೂ ಬ್ಯಾಡ.”

“ಬರತೈತ್ರಿ ಅವ್ವಾರ. ಆದ್ರ ನೋಂದಣಿ ನಿಮ್ಮ ಮಗನ ಹೆಸರಿನ್ಯಾಗೈತಿ. ಅವರು ಹೂಂ ಅಂದ್ರ ತಗೀತೇನಿ.”

“ಎದಿ ನನ್ನದಲ್ಲೇನು?”

ತಂತ್ರಜ್ಞ ವೈದ್ಯರನ್ನು ನೋಡಿದ. ವೈದ್ಯರು ಅಳಿಯನನ್ನು ನೋಡಿದರು. ಅಳಿಯನ ಕಣ್ಣಲ್ಲಿ ನೀರಾಡಿತು.

“ಯಾಕ ಅವ್ವಾ? ನಾ ಬ್ಯಾರೆ ಯಾರರ ಆದ್ನೇನು?”

ಅಕ್ಕ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು. ನೋಂದಣಿ ಹಾಗೇ ಉಳಿಯಿತು. ಇನ್ನು ಮುಂದೆ ವಾರಕ್ಕೊಮ್ಮೆ ಸಾಲದು, ದಿನಾಲೂ ವರದಿ ಬರಲಿ ಎಂದು ಅಳಿಯ ಕೇಳಿಕೊಂಡ. ಅದಕ್ಕೂ ವ್ಯವಸ್ಥೆ ಇತ್ತು. ಅವರನ್ನು ಬನಹಟ್ಟಿಗೆ ಮುಟ್ಟಿಸಲು ನಾನೂ ಹತ್ತಿದ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕೃತಜ್ಞತೆಯಿಂದ ಹೇಳಿದ: “ನಿಮ್ಮಿಂದ ಛಲೋ ಆತು ಮಾಮಾ. ಇನ್ನ ಗಡಿಯಾರ ಖರೆ ತೋರಸತೈತಿ.” ಕಿಟಕಿಯ ಬಳಿ ಕೂತಿದ್ದ ಅಕ್ಕ ತೇರದಾಳದ ಕಡೆಯ ಕಬ್ಬಿನ ಹೊಲಗಳನ್ನು ನೋಡುತ್ತಿದ್ದಳು. ಅವಳಿಗೆ ಕೇಳಿಸಿತೆಂದು ಅವಳ ಕೈ ಹೇಳಿತು. ಎಡಗೈಯನ್ನು ಬಲಗೈಯಿಂದ ಒತ್ತಿ ಹಿಡಿದಿದ್ದಳು.

ಅಲ್ಲಿಂದ ದಸರೆಯವರೆಗೆ ನಾನು ಬನಹಟ್ಟಿಗೆ ಹೋಗಲಿಲ್ಲ. ದಸರೆಯ ಮುಂದಿನ ವಾರ, ಬುಧವಾರ, ಗೆಳತಿಯ ಮೊಬೈಲಿನಿಂದ ಅಕ್ಕ ಮಾತಾಡಿದಳು: “ಮಧ್ಯಾನ ಬಾ. ಮನಿಗಲ್ಲ, ಹಿಂದಿನ ಓಣಿಗೆ.”

ಓಣಿಗೆ ಇಳಿದಾಗ ಮಗ್ಗದ ಸಪ್ಪಳವನ್ನು ಗುರುತಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕೆಲವು ಪೆಟ್ಟು, ಆಮೇಲೆ ಮೌನ. ಮತ್ತೆ ಒಂದೆರಡು, ಮತ್ತೆ ದೀರ್ಘ ಮೌನ. ಯಾರೋ ಕಲಿಯುವವರು ಕೂತಿರಬೇಕೆಂದುಕೊಂಡೆ. ಒಳಗೆ ಕುಣಿಯಲ್ಲಿ ಅಕ್ಕನೇ ಇದ್ದಳು. ಹಣಿಗೆಯನ್ನು ಬಡಿದು, ನಿಲ್ಲಿಸಿ, ಬಲಗೈಯ ಬೆರಳುಗಳನ್ನು ಎದೆಯ ಮೇಲಿಟ್ಟು ಕಾಯುತ್ತಿದ್ದಳು. ಬಡಿತ ಇಳಿದ ಮೇಲೆ ಮತ್ತೆ ಲಾಳಿ.

“ಒಂದ ಸವನ ನೇಯ್ದ್ರ ಇದು ನಡಿಗಿ ಅಂತ ಬರಕೋತೈತಿ,” ಎಂದಳು, ಬಾಗಿಲಲ್ಲಿ ನಿಂತ ನನ್ನನ್ನು ನೋಡದೆಯೇ. “ತಡದ ತಡದ ನೇಯ್ದ್ರ ಅದಕ್ಕ ತಿಳಿಯಂಗಿಲ್ಲ. ಹೆಂಗ ನಿಂದ್ರಬೇಕು ಅನ್ನೂದು ಈಗ ಗೊತ್ತಾಗೈತಿ. ಅವಂಗ ವರದಿ ಸಪ್ಪಗ ಹೋಗತೈತಿ.”

ಗೆಳತಿ ಗೋಡೆಗೆ ಒರಗಿ ಕೂತಿದ್ದಳು. ಈ ಸಲ ಅವಳು ತಮಾಷೆ ಮಾಡಲಿಲ್ಲ. “ಕಳ್ಳರಂಗ ನೇಯಾಕತ್ತಾಳ್ರಿ ನಿಮ್ಮಕ್ಕ.”

ನೇಯ್ದ ಬಟ್ಟೆಯನ್ನು ಅಕ್ಕ ಮಡಿಸಿ ನನ್ನ ಕೈಗಿಟ್ಟಳು. “ಇದನ್ನ ನೀ ಒಯ್ಯಿ. ಮಾರಾಕ ಬರೂದಿಲ್ಲ, ಮನ್ಯಾಗ ಇಡಾಕೂ ಬರೂದಿಲ್ಲ. ಅವ ನೇಕಾರನ ಮಗ. ಮಷೀನಿಗೆ ತಿಳೀಲಾರದ್ದು ಅವಂಗ ಒಂದ ಸಲ ನೋಡಿದ್ರ ತಿಳೀತೈತಿ.”

ಜಮಖಂಡಿಯ ಮನೆಯಲ್ಲಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಡ್ಡಲಾಗಿ ಪಟ್ಟೆ ಪಟ್ಟೆ: ಕೈ ನಿಂತಲ್ಲಿ ಎಳೆಗಳು ಸಡಿಲವಾಗಿ ಬೆಳಕು ತೂರುತ್ತಿತ್ತು, ಮತ್ತೆ ಹಿಡಿದಲ್ಲಿ ಪೆಟ್ಟು ಬಿಗಿಯಾಗಿ ಕಪ್ಪಾಗಿತ್ತು. ಅವಳು ಎದೆಯ ಮೇಲೆ ಬೆರಳಿಟ್ಟು ಕಾದ ಪ್ರತಿ ಸಲವೂ ಅಲ್ಲಿತ್ತು. ಅಭ್ಯಾಸಬಲದಿಂದ ನಾನು ಆ ಪಟ್ಟೆಗಳನ್ನು ವಾರಗಳಾಗಿ ವಿಂಗಡಿಸತೊಡಗಿದ್ದೆ: ಅಮಾವಾಸ್ಯೆಯ ರಜೆ ಇಲ್ಲಿರಬೇಕು, ಆಯುಧಪೂಜೆಯ ಬಿಡುವು ಇಲ್ಲಿ. ಕೊನೆಯ ಅಂಚಿನ, ಆ ಬುಧವಾರದ ಪಟ್ಟೆಗಳು ಇನ್ನೂ ಒತ್ತೊತ್ತಾಗಿದ್ದವು. ನಾನೂ ಅವಳ ಎದೆಯ ವರದಿಯನ್ನೇ ಓದುತ್ತಿದ್ದೇನೆಂದು ಹೊಳೆದ ಕೂಡಲೇ ಬಟ್ಟೆಯನ್ನು ಮಡಿಸಿ, ಕಪಾಟಿನ ತಳದಲ್ಲಿ, ಬೇರೆ ಬಟ್ಟೆಗಳ ಅಡಿಯಲ್ಲಿಟ್ಟೆ.

ಮರುದಿನ ಮೊಬೈಲಿಗೆ ಅಳಿಯನ ಸಂದೇಶ ಬಂತು, ಜೊತೆಗೆ ಬುಧವಾರದ ವರದಿ. ಮಧ್ಯಾಹ್ನದ ಎರಡರಿಂದ ನಾಲ್ಕರವರೆಗೆ ಗೆರೆ ನೆಲದಂತೆ ಸಪಾಟಾಗಿತ್ತು. ಹೊತ್ತು ಸರಿಯಾಗಿತ್ತು, ವಾರ ಸರಿಯಾಗಿತ್ತು. ಕೆಳಗೆ ಅವನು ಬರೆದಿದ್ದ: “ಅವ್ವ ಈಗ ಆರಾಮ ಮಲಗಾಕತ್ತಾಳ ಮಾಮಾ.”